ಬ್ಯಾಗು ಕಾಯುವ ಹುಡುಗಿ ಮತ್ತು ಇತರ ಪತ್ರಗಳು

ಕಣ್ಣು ಕಾಣದ ಅಥವಾ ಅರೆಬರೆ ಕಾಣುವ ಮಕ್ಕಳು ಊರಿನ ಸರ್ಕಾರಿ ಶಾಲೆಯಲ್ಲೇ ಎಲ್ಲರ ಜೊತೆ ಕೂತು ಓದುವ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಸಂಪನ್ಮೂಲ ಶಿಕ್ಷಕಿಯಾಗಿ ವರ್ಷಗಟ್ಟಲೆ ಹಳ್ಳಿ ಶಾಲೆಗಳನ್ನು ಸುತ್ತಿದವಳಾದ್ದರಿಂದ ಈ ಪ್ರಶ್ನೆಗಳು ನನಗೆ ಹೊಸವಲ್ಲ. ಆದರೂ ಪ್ರತಿ ಪತ್ರದ ಹಿಂದೆ ಒಂದೊಂದು ಬೇರೆ ಮಗು ಇದೆ. ಆ ಮಕ್ಕಳ ಗುರುತು ಸಿಗಬಾರದೆಂದು ಬರೆದವರ ಹೆಸರು, ಊರು ಬಿಟ್ಟಿದ್ದೇನೆ.

ನಮ್ಮ ಶಾಲೆಗೆ ಈ ಜೂನ್‌ನಲ್ಲಿ ಹುಟ್ಟಿನಿಂದಲೇ ಕಣ್ಣು ಕಾಣದ ಹುಡುಗನೊಬ್ಬ ಒಂದನೇ ತರಗತಿಗೆ ಸೇರಿದ್ದಾನೆ. ನಮ್ಮದು ಇಬ್ಬರೇ ಶಿಕ್ಷಕರ ಶಾಲೆ, ಮೂರು ತರಗತಿಗಳು ಒಟ್ಟಿಗೆ ಕೂರುವ ನಲಿ-ಕಲಿ. ಕಾರ್ಡು, ಚಿತ್ರ, ಕಲಿಕಾ ಏಣಿ ಎಲ್ಲವೂ ನೋಡಿ ಕಲಿಯುವಂಥವೇ. ನನಗೆ ಬ್ರೈಲ್ ಬರುವುದಿಲ್ಲ. ಹುಡುಗ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾನೆ. ಎಲ್ಲಿಂದ ಶುರು ಮಾಡಲಿ?
— ಸಹಶಿಕ್ಷಕಿ, ಕೊಪ್ಪಳ ಜಿಲ್ಲೆ

ಆ ಮೂಲೆಯಿಂದಲೇ ಶುರು ಮಾಡಿ ಮೇಡಂ. ಮೊದಲ ವಾರ ಅಕ್ಷರದ ಯೋಚನೆಯೇ ಬೇಡ. ಅವನ ಕೈ ಹಿಡಿದು ಕೋಣೆಯ ಗೋಡೆಗುಂಟ ನಡೆಸಿ. ಬಾಗಿಲಿನಿಂದ ಅವನ ಜಾಗಕ್ಕೆ, ಅಲ್ಲಿಂದ ಕುಡಿಯುವ ನೀರಿಗೆ, ಶೌಚಾಲಯಕ್ಕೆ, ಅಡುಗೆ ಕೋಣೆಗೆ. ಎರಡನೇ ಸಲ ಅವನು ನಿಮ್ಮ ಕೈ ಹಿಡಿಯಲಿ. ಅಂದರೆ ನೀವು ಅವನ ರಟ್ಟೆ ಹಿಡಿದು ಎಳೆಯುವುದಲ್ಲ, ಅವನು ನಿಮ್ಮ ಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುವುದು. ಮೆಟ್ಟಿಲು ಬಂದರೆ, ನೀವು ತಿರುಗಿದರೆ ನಿಮ್ಮ ಮೈ ಚಲನೆಯಿಂದಲೇ ಅವನಿಗೆ ತಿಳಿಯುತ್ತದೆ. ಮೂರನೇ ಸಲ ಒಬ್ಬನೇ ಹೋಗಲಿ, ನೀವು ದೂರದಿಂದ ನೋಡುತ್ತಿರಿ. ಬೆಂಚು, ಬಕೆಟ್ಟು ಜಾಗ ಬದಲಾದರೆ ಅವನಿಗೆ ಹೇಳಬೇಕೆಂಬ ನಿಯಮವನ್ನು ಮಕ್ಕಳಿಗೇ ವಹಿಸಿ. ಅವರು ನಮಗಿಂತ ಚೆನ್ನಾಗಿ ಪಾಲಿಸುತ್ತಾರೆ.

ಬಿಸಿಯೂಟದ ತಟ್ಟೆ ಅವನೇ ಹಿಡಿಯಲಿ. ಅನ್ನ ಯಾವ ಕಡೆ, ಸಾರು ಯಾವ ಕಡೆ ಎಂದು ಒಂದು ಮಾತು ಹೇಳಿದರೆ ಸಾಕು. ಉಂಡ ಮೇಲೆ ತಟ್ಟೆಯನ್ನೂ ಅವನೇ ತೊಳೆಯಲಿ. ಪಾಪ ಎಂದು ಯಾರೋ ತೊಳೆದುಕೊಟ್ಟ ದಿನವೇ ಅವನು ಉಳಿದ ಮಕ್ಕಳಿಂದ ಬೇರೆಯಾಗಿಬಿಡುತ್ತಾನೆ.

ಇನ್ನು ನಿಮ್ಮ ಮಾತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತರಗತಿಯಲ್ಲಿ ಬೋರ್ಡಿಗೆ ಬೆರಳು ತೋರಿಸುತ್ತ ‘ಇದಕ್ಕಿಂತ ಅದು ದೊಡ್ಡದು, ಗೊತ್ತಾಯ್ತಾ?’ ಎಂದೆ. ಎಲ್ಲರೂ ಹೂಂ ಅಂದರು. ಹಿಂದಿನಿಂದ ಒಂದು ಸಣ್ಣ ಧ್ವನಿ ಬಂತು: ‘ಯಾವುದಕ್ಕಿಂತ ಯಾವುದು ಮಿಸ್?’ ಅಂದಿನಿಂದ ‘ಇದು, ಅದು, ಇಲ್ಲಿ, ಅಲ್ಲಿ’ ಎಂಬ ನಾಲ್ಕು ಮಾತನ್ನು ನಾನು ತರಗತಿಯಲ್ಲಿ ಬಿಟ್ಟೆ. ಬೋರ್ಡಿನ ಮೇಲೆ ಬರೆಯುವ ಪ್ರತಿ ಅಕ್ಷರವನ್ನೂ ಬಾಯಲ್ಲಿ ಹೇಳುತ್ತಲೇ ಬರೆಯಿರಿ. ಕಾಣುವ ಮಕ್ಕಳಿಗೂ ಅದರಿಂದ ಲಾಭವೇ.

ಬ್ರೈಲ್ ಎಂದರೆ ಹೆದರಬೇಡಿ. ನೀವು ಅದನ್ನು ಬೆರಳಿನಿಂದ ಓದಬೇಕಾಗಿಲ್ಲ, ಕಣ್ಣಿನಿಂದಲೇ ಓದಬಹುದು. ದಿನಕ್ಕೆ ಅರ್ಧ ಗಂಟೆ ಕೂತರೆ ಒಂದೆರಡು ತಿಂಗಳಲ್ಲಿ ಬರುತ್ತದೆ. ಮೊಟ್ಟೆ ಕೊಡುವ ದಿನ ಶಾಲೆಯಲ್ಲೇ ಖಾಲಿ ಟ್ರೇ ಸಿಗುತ್ತದಲ್ಲ, ಅದರಿಂದ ಎರಡು ಸಾಲು, ಸಾಲಿಗೆ ಮೂರು ಗುಳಿ ಇರುವಂತೆ ಒಂದು ತುಂಡು ಕತ್ತರಿಸಿ. ಅದೇ ಬ್ರೈಲ್‌ನ ಮನೆ. ಎಡಸಾಲಿನ ಗುಳಿಗಳು ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿನವು 4, 5, 6. ಗುಳಿಯಲ್ಲಿ ಒಂದೊಂದು ನಿಂಬೆಹಣ್ಣು ಇಟ್ಟರೆ ಚುಕ್ಕಿ. 1ರಲ್ಲಿ ಮಾತ್ರ ಇಟ್ಟರೆ ಅ. 1, 3ರಲ್ಲಿ ಇಟ್ಟರೆ ಕ. 1, 3, 4 ಮ. ಎಡಸಾಲು ಪೂರ್ತಿ ತುಂಬಿದರೆ ಲ. ಮೂರು ಟ್ರೇ ತುಂಡುಗಳನ್ನು ಸಾಲಾಗಿ ಇಟ್ಟು ‘ಕಮಲ’ ಬರೆಯಿರಿ, ಹುಡುಗ ಎರಡೂ ಅಂಗೈಯಲ್ಲಿ ತಡವಿ ಓದಲಿ. ಉಳಿದ ಮಕ್ಕಳೂ ಮುತ್ತಿಕೊಂಡು ತಮ್ಮ ಹೆಸರು ಬರೆಯುತ್ತಾರೆ, ನೋಡಿ.

ನಮ್ಮ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಭಾರತಿ ಬ್ರೈಲ್ ಎಂದು 1951ರಿಂದ ನಮ್ಮ ಭಾಷೆಗಳಿಗೆಲ್ಲ ಇರುವ ಈ ಲಿಪಿಯಲ್ಲಿ ಕನ್ನಡದ ತಲಕಟ್ಟು, ಕೊಂಬು, ಇಳಿ ಯಾವುದೂ ಇಲ್ಲ, ಒತ್ತಕ್ಷರದ ಆಕಾರವೂ ಇಲ್ಲ. ‘ಕಾಲು’ ಎಂದು ಬರೆಯಲು ಕ, ಆ, ಲ, ಉ ಎಂದು ನಾಲ್ಕು ಅಕ್ಷರ ಸಾಲಾಗಿ ಇಟ್ಟರಾಯಿತು. ಒತ್ತು ಬೇಕಾದಲ್ಲಿ ಮೊದಲು 4ನೇ ಚುಕ್ಕಿಯೊಂದನ್ನೇ ಇಟ್ಟು, ಆಮೇಲೆ ಎರಡು ವ್ಯಂಜನ. ‘ಅಮ್ಮ’ ಎಂದರೆ ಅ, ಆಮೇಲೆ ಆ ಒಂಟಿ ಚುಕ್ಕಿ, ಮ, ಮ. ಅಚ್ಚಿನ ಕನ್ನಡದಲ್ಲಿ ಒಂದನೇ ತರಗತಿಯ ಮಗು ಕಾಗುಣಿತದ ನೂರಾರು ಆಕಾರ ಕಲಿಯಬೇಕು. ನಿಮ್ಮ ಹುಡುಗನಿಗೆ ಐವತ್ತರ ಸುಮಾರು ಸಾಕು.

ಬ್ರೈಲ್ ಸ್ಲೇಟು ಮತ್ತು ಸ್ಟೈಲಸ್ ಬಂದ ಮೇಲೆ ಒಂದು ತೊಡಕು ಎದುರಾಗುತ್ತದೆ. ಚುಚ್ಚುವುದು ಕಾಗದದ ಹಿಂಬದಿಯಿಂದ, ಆದ್ದರಿಂದ ಬಲದಿಂದ ಎಡಕ್ಕೆ ಬರೆಯಬೇಕು. ‘ಎಡಸಾಲು, ಬಲಸಾಲು’ ಎಂದು ಕಲಿಸಿದರೆ ಮಗು ಇಲ್ಲಿ ಗೊಂದಲಕ್ಕೆ ಬೀಳುತ್ತದೆ. ಅದಕ್ಕೇ ಟ್ರೇ ಹಂತದಿಂದಲೇ ‘ಮೊದಲ ಸಾಲು, ಎರಡನೇ ಸಾಲು’ ಎಂದು ಹೇಳಿ ರೂಢಿಸಿ. ದಪ್ಪ ಕಾಗದ ಸಿಗದಿದ್ದರೆ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆ ಸೊಗಸಾಗಿ ಆಗುತ್ತದೆ. ಅದಕ್ಕೂ ಮುಂಚೆ ಬೆರಳು ಹದವಾಗಬೇಕು. ಅವರೆ, ತೊಗರಿ, ಹೆಸರು ಬೆರೆಸಿಟ್ಟು ಬೇರ್ಪಡಿಸಲು ಕೊಡಿ. ಹಸಿ ಮಣ್ಣಿನಲ್ಲಿ ಉಂಡೆ ಕಟ್ಟಲಿ. ನಲಿ-ಕಲಿ ಕಾರ್ಡುಗಳ ಬಲಗಡೆಯ ಮೇಲಿನ ಮೂಲೆ ಕತ್ತರಿಸಿ, ಆಗ ಕಾರ್ಡು ನೆಟ್ಟಗೆ ಹಿಡಿದಿದ್ದೇನೆ ಎಂದು ಅವನಿಗೆ ಗೊತ್ತಾಗುತ್ತದೆ. ಕಾರ್ಡಿನ ಮೇಲೆ ಬ್ರೈಲ್ ಪಟ್ಟಿ ಅಂಟಿಸಿದರೆ ಅದು ಅವನದೂ ಹೌದು, ಎಲ್ಲರದೂ ಹೌದು.

ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ತಿಂಗಳಿಗೊಮ್ಮೆ ಮಾತ್ರ ಬರುವುದು ಅವರ ತಪ್ಪಲ್ಲ, ಒಬ್ಬೊಬ್ಬರಿಗೆ ಸುತ್ತಬೇಕಾದ ಶಾಲೆಗಳು ಅಷ್ಟಿವೆ. ಅವರು ಬರುವ ದಿನಕ್ಕೆ ನಿಮ್ಮ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಸ್ಲೇಟು, ಬ್ರೈಲ್ ಪಠ್ಯಪುಸ್ತಕಕ್ಕೆ ಮುಖ್ಯಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಬರಹದಲ್ಲೇ ಬೇಡಿಕೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಬಾಯಿಮಾತಿನ ಬೇಡಿಕೆಗೆ ಯಾವ ಕಡತದಲ್ಲೂ ಜಾಗವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯ ಪ್ರಮಾಣಪತ್ರವಿರುವ ಮಗುವಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನಗಳನ್ನು ಉಚಿತವಾಗಿ ಕೊಡಬೇಕು. ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬ್ರೈಲ್ ಪುಸ್ತಕ ದೀಪಾವಳಿಗೆ ಬಂದರೆ ಅಷ್ಟರಲ್ಲಿ ಅರ್ಧ ವರ್ಷ ಹೋಗಿರುತ್ತದೆ. ಉಳಿದ ಮಕ್ಕಳ ಕೈಗೆ ಪುಸ್ತಕ ಬಂದ ದಿನವೇ ಅವನ ಕೈಗೂ ಬರಬೇಕು. ಅದಕ್ಕಾಗಿ ಹಿಂದಿನ ಜನವರಿಯಲ್ಲೇ ಬೇಡಿಕೆ ಹೋಗಬೇಕು.

ನನ್ನ ಎಂಟನೇ ತರಗತಿಯ ಹುಡುಗನೊಬ್ಬ ಪುಸ್ತಕವನ್ನು ಮೂಗಿಗೆ ತಾಗಿಸಿ, ಕತ್ತು ವಾರೆ ಮಾಡಿ ಓದುತ್ತಾನೆ. ನೆಲಕ್ಕೆ ಬಿದ್ದ ಗುಂಡುಪಿನ್ನು ಹುಡುಕಿ ಎತ್ತುತ್ತಾನೆ, ಆದರೆ ಎದುರಿಗಿನ ಬೆಂಚಿಗೆ ಎಡವುತ್ತಾನೆ. ಸಂಜೆ ವಿಶೇಷ ತರಗತಿ ಎಂದರೆ ಬರುವುದಿಲ್ಲ. ‘ಓದಲು ಸೋಮಾರಿ, ನಾಟಕ ಆಡುತ್ತಾನೆ’ ಎನ್ನುತ್ತಾರೆ ಸಹೋದ್ಯೋಗಿಗಳು.
— ವಿಜ್ಞಾನ ಶಿಕ್ಷಕರು, ಹಾವೇರಿ ಜಿಲ್ಲೆ

ಹುಡುಗ ನಾಟಕ ಆಡುತ್ತಿಲ್ಲ ಮೇಷ್ಟ್ರೇ. ನೀವು ಬರೆದ ಮೂರು ಸಂಗತಿಗಳು ಒಂದಕ್ಕೊಂದು ಹೊಂದುತ್ತವೆ. ಕೆಲವರ ಕಣ್ಣಿನಲ್ಲಿ ನಟ್ಟನಡುವಿನ ನೋಟ ಚೆನ್ನಾಗಿಯೇ ಇದ್ದು ಅಕ್ಕಪಕ್ಕದ್ದು ಅಳಿದುಹೋಗಿರುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ. ಕೊಳವೆಯ ತುದಿಯಲ್ಲಿ ಗುಂಡುಪಿನ್ನು ಸಿಗುತ್ತದೆ, ಬೆಂಚು ಸಿಗುವುದಿಲ್ಲ. ಅಕ್ಷಿಪಟಲದ ಕೆಲವು ಕಾಯಿಲೆಗಳಲ್ಲಿ ಹೀಗಾಗುತ್ತದೆ, ಜೊತೆಗೆ ಇರುಳುಗಣ್ಣು. ಸಂಜೆ ತರಗತಿಗೆ ಅವನು ಬರದಿರುವುದು ಓದಿನ ಭಯಕ್ಕಲ್ಲ, ಕತ್ತಲಲ್ಲಿ ಮನೆಗೆ ನಡೆದು ಹೋಗುವ ಭಯಕ್ಕೆ ಇರಬೇಕು.

ಆದರೆ ನಾನು ವೈದ್ಯೆಯಲ್ಲ. ಇರುಳುಗಣ್ಣು ‘ಎ’ ಜೀವಸತ್ವದ ಕೊರತೆಯಿಂದಲೂ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ಈ ವಾರವೇ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳಿಸಿ, ಅಗತ್ಯ ಬಿದ್ದರೆ ಅವರೇ ಬೆಂಗಳೂರಿನ ಮಿಂಟೋ ಆಸ್ಪತ್ರೆಯಂಥ ಕಡೆಗೆ ಬರೆದುಕೊಡುತ್ತಾರೆ. ತಂದೆತಾಯಿ ಸೋದರಸಂಬಂಧದಲ್ಲಿ ಮದುವೆಯಾದವರೇ ಎಂದು ವೈದ್ಯರು ಕೇಳಬಹುದು. ಅದು ತಪ್ಪು ಹೊರಿಸಲು ಅಲ್ಲ. ಅಂಥ ಮನೆಗಳಲ್ಲಿ ವಂಶವಾಹಿಯಿಂದ ಬರುವ ಕಣ್ಣಿನ ಕಾಯಿಲೆಗಳು ಹೆಚ್ಚು, ತಮ್ಮತಂಗಿಯರ ಕಣ್ಣನ್ನೂ ಪರೀಕ್ಷೆ ಮಾಡಿಸಬೇಕಾಗುತ್ತದೆ.

ನಮ್ಮ ಶಾಲೆಗಳಲ್ಲಿ ಪೂರ್ತಿ ಕಾಣದ ಮಗುವಿಗಿಂತ ಹೆಚ್ಚು ಸಂಕಟಪಡುವುದು ಇಂಥ ಮಂದದೃಷ್ಟಿಯ ಮಕ್ಕಳೇ. ಅವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆಯಿಂದ 3/60ವರೆಗೆ ಇದ್ದರೆ ಅದನ್ನು ಮಂದದೃಷ್ಟಿ ಎನ್ನುತ್ತಾರೆ. 6/18 ಎಂದರೆ ನೀವು 18 ಮೀಟರಿನಿಂದ ಓದುವ ಅಕ್ಷರವನ್ನು ಅವರು 6 ಮೀಟರಿನ ಹತ್ತಿರ ಬಂದು ಓದಬೇಕು. ನೋಟದ ಹರವು 40 ಡಿಗ್ರಿಗಿಂತ ಕಿರಿದಾದರೂ ಅದೇ ಗುಂಪು. ದೃಷ್ಟಿಪಟ್ಟಿಯ ಅಕ್ಷರವನ್ನೆಲ್ಲ ಓದುವ ಹುಡುಗನಿಗೂ ನ್ಯೂನತೆ ಇರಬಹುದು ಎಂಬುದನ್ನು ನಿಮ್ಮ ಸಹೋದ್ಯೋಗಿಗಳಿಗೆ ದಯವಿಟ್ಟು ಹೇಳಿ.

ಪುಸ್ತಕ ಹತ್ತಿರ ಹಿಡಿದು ಓದಿದರೆ ಕಣ್ಣು ಹಾಳಾಗುವುದಿಲ್ಲ. ಕತ್ತು ವಾರೆ ಮಾಡಿದರೆ ತಿದ್ದಬೇಡಿ, ಆ ಕೋನದಲ್ಲೇ ಅವನಿಗೆ ಚೆನ್ನಾಗಿ ಕಾಣುತ್ತದೆ. ಬಗ್ಗಿ ಬಗ್ಗಿ ಬೆನ್ನು ನೋಯದಂತೆ ಪುಸ್ತಕ ಇಡಲು ಒಂದು ಓರೆ ಹಲಗೆ ಮಾಡಿಸಿಕೊಡಿ. ಕಿಟಕಿಯ ಬೆಳಕು ಅವನ ಬೆನ್ನ ಹಿಂದಿನಿಂದ ಪುಸ್ತಕದ ಮೇಲೆ ಬೀಳಲಿ, ಮುಖಕ್ಕೆ ಹೊಡೆಯುವುದು ಬೇಡ. ಬೂದಿ ಬಣ್ಣಕ್ಕೆ ತಿರುಗಿದ ಬೋರ್ಡಿಗೆ ಕಪ್ಪು ಬಳಿಸಿ, ಬಿಳಿ ಅಥವಾ ಹಳದಿ ಚಾಕ್ ಬಳಸಿ. ಕೆಂಪು, ನೀಲಿ ಅವನಿಗೆ ಇಲ್ಲದ ಹಾಗೇ.

ಒಂದು ಎಚ್ಚರಿಕೆ. ಮಂದದೃಷ್ಟಿ ಎಂದ ತಕ್ಷಣ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡುವ ಹುರುಪು ನಮಗೆ. ಮಸುಕು ಕಾಣುವ ಮಗುವಿಗೆ ಅದು ಸರಿ. ಕೊಳವೆ ನೋಟದ ಮಗುವಿಗೆ ಅಕ್ಷರ ದೊಡ್ಡದಾದಷ್ಟೂ ಒಂದು ಸಲಕ್ಕೆ ಕಾಣುವ ಅಕ್ಷರ ಕಡಿಮೆ. ಪದವೇ ಕೈಗೆ ಸಿಗುವುದಿಲ್ಲ. ಅವನನ್ನೇ ಕೇಳಿ, ನಾಲ್ಕು ಅಳತೆಯಲ್ಲಿ ಒಂದೇ ಪುಟ ಕೊಟ್ಟು ಯಾವುದರಲ್ಲಿ ಸಲೀಸಾಗಿ ಓದುತ್ತಾನೆ ನೋಡಿ. ಸಂಜೆ ತರಗತಿಗೆ ಅವನ ಓಣಿಯ ಹುಡುಗನೊಬ್ಬನನ್ನು ಜೊತೆ ಮಾಡಿ.

ನನ್ನ ಮಗಳಿಗೆ ಏಳು ವರ್ಷ, ಕಣ್ಣು ಕಾಣಿಸಲ್ಲ. ಊರ ಶಾಲೆಯಲ್ಲಿ ಎರಡನೇ ತರಗತಿ. ದೂರದ ಅಂಧ ಮಕ್ಕಳ ವಸತಿ ಶಾಲೆಗೆ ಹಾಕಿ ಅಂತ ಕೆಲವರು, ಬೇಡ ಅಂತ ಕೆಲವರು. ಬಿಟ್ಟಿರೋಕೆ ನನಗೆ ಮನಸ್ಸಿಲ್ಲ. ಮೊಬೈಲಿನಲ್ಲಿ ಪಾಠ ಕೇಳಿಸಿಕೊಂಡು ಎಲ್ಲಾ ಬಾಯಿಪಾಠ ಹೇಳ್ತಾಳೆ. ಈಗ ಬ್ರೈಲ್ ಯಾಕೆ ಬೇಕು ಅಂತಾರೆ ನಮ್ಮ ಯಜಮಾನರು.
— ಒಬ್ಬ ತಾಯಿ, ರಾಯಚೂರು ಜಿಲ್ಲೆ

ಆರರಿಂದ ಹದಿನೆಂಟು ವರ್ಷದವರೆಗೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂದು ಆರಿಸಿಕೊಳ್ಳುವ ಹಕ್ಕನ್ನು ಕಾನೂನು ನಿಮಗೇ ಕೊಟ್ಟಿದೆ ತಾಯಿ. ಊರ ಶಾಲೆಯವರು ‘ಇಲ್ಲಿ ಆಗಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ’ ಎನ್ನುವ ಹಾಗಿಲ್ಲ.

ವಿಶೇಷ ಶಾಲೆಗಳ ಋಣ ಸಣ್ಣದಲ್ಲ. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯನವರು ಮೂರನೇ ತರಗತಿಯಲ್ಲಿ ದೃಷ್ಟಿ ಕಳೆದುಕೊಂಡ ಮೇಲೆ ಓದಿದ್ದು ಮೈಸೂರಿನ ಸರ್ಕಾರಿ ಅಂಧ ಮಕ್ಕಳ ಶಾಲೆಯಲ್ಲೇ. ಅವರು 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ್‍ಯಾಂಕ್ ಪಡೆದು ಐಎಎಸ್ ಅಧಿಕಾರಿಯಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ತಾವೇ ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಎಷ್ಟು ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟರೆಂಬುದು ನಮ್ಮ ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತು.

ಆದರೂ ನನ್ನ ಅಭಿಪ್ರಾಯ ಕೇಳಿದರೆ, ಏಳು ವರ್ಷದ ಮಗು ಅಮ್ಮನ ಹತ್ತಿರವೇ ಇರಲಿ. ಒಂದು ಷರತ್ತು ಮಾತ್ರ: ಊರ ಶಾಲೆಯಲ್ಲಿ ಬ್ರೈಲ್ ಕಲಿಸಬೇಕು. ಎರಡು ವರ್ಷವಾದರೂ ಕಲಿಸದೆ ‘ಒಳ್ಳೆ ಹುಡುಗಿ, ಸುಮ್ಮನೆ ಕೂತಿರುತ್ತಾಳೆ’ ಎನ್ನುತ್ತಲೇ ಇದ್ದರೆ ಆಗ ವಸತಿ ಶಾಲೆಗೆ ಹಾಕಿ, ಬ್ರೈಲ್, ಬಿಳಿಕೋಲಿನ ನಡಿಗೆ ಗಟ್ಟಿಯಾದ ಮೇಲೆ ಹೈಸ್ಕೂಲಿಗೆ ವಾಪಸ್ ಕರೆತನ್ನಿ. ಹಾಗೆ ಮಾಡಿದವರನ್ನು ಕಂಡಿದ್ದೇನೆ.

ಯಜಮಾನರಿಗೆ ಹೀಗೆ ಹೇಳಿ. ಮೊಬೈಲು ಕೇಳಿಸುತ್ತದೆ, ಬರೆಸುವುದಿಲ್ಲ. ನಾವು ಮಾತಿನಲ್ಲಿ ಧನಕ್ಕೂ ದನ ಅನ್ನುತ್ತೇವೆ, ದನಕ್ಕೂ ದನ ಅನ್ನುತ್ತೇವೆ. ಕಿವಿಯಿಂದಲೇ ಕಲಿತ ಮಗುವಿಗೆ ಎರಡರ ಅಕ್ಷರ ಬೇರೆ ಎಂಬುದೇ ಗೊತ್ತಾಗುವುದಿಲ್ಲ. ಒಬ್ಬ ಹುಡುಗ ಹತ್ತನೇ ತರಗತಿಗೆ ಬರುವವರೆಗೆ ಪದಗಳ ನಡುವೆ ಜಾಗ ಬಿಡುತ್ತಾರೆಂಬುದನ್ನೇ ತಿಳಿದಿರಲಿಲ್ಲ. ಮಾತು ಒಂದೇ ಸಮನೆ ಹರಿಯುತ್ತದಲ್ಲ! ಅವನು ಜಾಣ, ಎಲ್ಲ ಬಾಯಲ್ಲಿತ್ತು. ಕೈಗೆ ಅಕ್ಷರ ಕೊಟ್ಟವರು ಯಾರೂ ಇರಲಿಲ್ಲ, ಅಷ್ಟೆ. ಮೊಬೈಲೂ ಇರಲಿ, ಬ್ರೈಲ್ ಅದಕ್ಕಿಂತ ಮುಂಚೆ ಇರಲಿ. ಅಂಗವೈಕಲ್ಯವಿರುವ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಿಂಗಳಿಗೆ ₹200ರಂತೆ ವರ್ಷಕ್ಕೆ ಹತ್ತು ತಿಂಗಳು ಪ್ರೋತ್ಸಾಹಧನ ಇದೆ, ಮಗಳ ಖಾತೆಗೆ ಬರುತ್ತಿದೆಯೇ ವಿಚಾರಿಸಿ.

ನಮ್ಮ ಎಂಟನೇ ತರಗತಿಯ ಅಂಧ ವಿದ್ಯಾರ್ಥಿನಿ ಚುರುಕಾಗಿದ್ದಾಳೆ. ಮುಂದೆ ಎಸ್ಸೆಸ್ಸೆಲ್ಸಿಗೆ ಗಣಿತ, ವಿಜ್ಞಾನದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ಅವಕಾಶವಿದೆಯಲ್ಲ, ಈಗಿನಿಂದಲೇ ಗಣಿತದ ಪೀರಿಯಡ್ಡಿನಲ್ಲಿ ಅವಳನ್ನು ಬೇರೆ ಪಾಠಕ್ಕೆ ಕೂರಿಸಿದರೆ ಅವಳಿಗೂ ಹೊರೆ ಕಡಿಮೆಯಲ್ಲವೇ?
— ಗಣಿತ ಶಿಕ್ಷಕರು, ತುಮಕೂರು ಜಿಲ್ಲೆ

ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ನನ್ನ ತಪ್ಪಿನಿಂದ ಕಲಿತು ಹೇಳುತ್ತಿದ್ದೇನೆ. ಒಂದು ಶಾಲೆಯಲ್ಲಿ ರೇಖಾಗಣಿತದ ಹೊತ್ತಿಗೆ ಒಬ್ಬ ಹುಡುಗಿಯನ್ನು ನಾವು ಸಂಗೀತಕ್ಕೆ ಕಳಿಸುತ್ತಿದ್ದೆವು. ಅವಳ ಕಂಠ ಚೆನ್ನಾಗಿತ್ತು, ನಮಗೂ ಸುಲಭವಾಗಿತ್ತು. ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕೂತಾಗ ಶೇಕಡಾವಾರು, ಅನುಪಾತದ ಲೆಕ್ಕಗಳ ಮುಂದೆ ಅವಳು ಕಂಗಾಲಾದಳು. ‘ಯಾಕೆ ಮಿಸ್, ನನಗೆ ಕಲಿಸಲೇ ಇಲ್ಲ?’ ಎಂದು ಫೋನಿನಲ್ಲಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಬದಲಿ ವಿಷಯದ ಅವಕಾಶ ಇರುವುದು ಕಲಿಸಿ ನೋಡಿದ ಮೇಲೂ ಆಗದವರಿಗೆ. ಕಲಿಸದೇ ಇರುವುದಕ್ಕೆ ಅದನ್ನು ನೆಪ ಮಾಡಿಕೊಳ್ಳುವುದು ನ್ಯಾಯವಲ್ಲ.

ಸಾಧನಗಳು ನಿಮ್ಮ ಸುತ್ತಲೇ ಇವೆ. ಅಳಗುಳಿಮಣೆ ನಿಮ್ಮ ಊರಿನಲ್ಲೂ ಸಿಗುತ್ತದಲ್ಲ. ಒಂದು ಬದಿಗೆ ಏಳು ಗುಳಿ, ಗುಳಿಗೆ ನಾಲ್ಕು ಹುಣಸೆಬೀಜ: ಏಳು ನಾಲ್ಕಲಿ ಇಪ್ಪತ್ತೆಂಟು ಕೈಗೇ ಸಿಗುತ್ತದೆ, ಎರಡು ಬದಿ ಸೇರಿದರೆ ಐವತ್ತಾರು. ಗುಣಾಕಾರ, ಭಾಗಾಕಾರ, ಶೇಷ, ಸರಾಸರಿ ಎಲ್ಲವನ್ನೂ ಅದರ ಮೇಲೆ ಆಡಿಸಬಹುದು. ದೊಡ್ಡ ಲೆಕ್ಕಕ್ಕೆ ಮಣಿಗಳ ಅಬ್ಯಾಕಸ್. ಬರೆದು ಮಾಡುವ ಲೆಕ್ಕಕ್ಕೆ ಟೇಲರ್ ಫ್ರೇಮ್. ಅದರ ಎಂಟು ಮೂಲೆಯ ರಂಧ್ರದಲ್ಲಿ ಸಣ್ಣ ಮೊಳೆಯನ್ನು ಎಂಟು ದಿಕ್ಕಿಗೆ ತಿರುಗಿಸಿ ನಿಲ್ಲಿಸಬಹುದು. ಮೊಳೆಯ ಎರಡೂ ತುದಿ ಬೇರೆ ಬೇರೆ, ಹಾಗಾಗಿ ಹದಿನಾರು ಗುರುತು. ಅಂಕಿಗಳೂ ಚಿಹ್ನೆಗಳೂ ಅದರಲ್ಲೇ ಆಗುತ್ತವೆ.

ರೇಖಾಗಣಿತ ಇನ್ನೂ ಸುಲಭ, ಅದು ಹೇಗೂ ಆಕಾರಗಳ ಪಾಠ. ಹಳೆಯ ಟೈರ್ ಟ್ಯೂಬಿನ ತುಂಡನ್ನು ಹಲಗೆಗೆ ಹೊಡೆಯಿರಿ. ಮೇಲೆ ದಪ್ಪ ಕಾಗದ ಇಟ್ಟು, ದರ್ಜಿಗಳು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರ ಓಡಿಸಿ, ಕಾಗದ ಮಗುಚಿ. ಉಬ್ಬಿದ ರೇಖೆ ಬೆರಳಿಗೆ ಸಿಗುತ್ತದೆ. ಕೋನ ಬೇಕೇ, ಕಾಗದ ಮಡಚಿಸಿ: ಒಮ್ಮೆ ಮಡಚಿ ಅದೇ ಅಂಚಿನ ಮೇಲೆ ಮತ್ತೊಮ್ಮೆ ಮಡಚಿದರೆ 90 ಡಿಗ್ರಿ, ಮತ್ತೆ ಅರ್ಧ ಮಾಡಿದರೆ 45. ಪೈಥಾಗೊರಸ್ ಪ್ರಮೇಯಕ್ಕೆ 3, 4, 5ರ ಬಾಹುಗಳ ಮೇಲೆ ಚೌಕ ಕಟ್ಟಿ ಅದರಲ್ಲಿ ಬೀಜ ತುಂಬಿಸಿ. ಒಂಬತ್ತು, ಹದಿನಾರು, ಇಪ್ಪತ್ತೈದು. ಎರಡು ಸಣ್ಣ ಚೌಕದ ಬೀಜಗಳನ್ನೆಲ್ಲ ಎತ್ತಿ ದೊಡ್ಡ ಚೌಕಕ್ಕೆ ಸುರಿಸಿ, ಒಂದೂ ಉಳಿಯದೆ, ಒಂದೂ ಸಾಲದೆ ಬರದೆ ಕೂತಾಗ ಆ ಹುಡುಗಿಯ ಮುಖ ನೋಡಿ. ಬೋರ್ಡಿನ ಮೇಲೆ ಆ ಚಿತ್ರ ನೋಡಿ ಉರು ಹೊಡೆದ ಮಕ್ಕಳಿಗಿಂತ ಅವಳಿಗೆ ಅದು ಹೆಚ್ಚು ಅರ್ಥವಾಗಿರುತ್ತದೆ.

ಪಕ್ಕದ ಆಂಧ್ರದಲ್ಲಿ ಕಣ್ಣು ಕಾಣದ ಶ್ರೀಕಾಂತ್ ಬೊಳ್ಳ ಹತ್ತನೇ ತರಗತಿಯ ನಂತರ ವಿಜ್ಞಾನ ಓದಲು ಅವಕಾಶವಿಲ್ಲ ಎಂದಾಗ ನ್ಯಾಯಾಲಯಕ್ಕೆ ಹೋಗಿ ಗೆದ್ದರು, ಆಮೇಲೆ ಅಮೆರಿಕದ ಎಂಐಟಿಯಲ್ಲಿ ಓದಿದರು. ನಿಮ್ಮ ವಿದ್ಯಾರ್ಥಿನಿ ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಎಲ್ಲಿಗೆ ಹೋಗಬೇಕೆಂದು ಹದಿನಾರನೇ ವಯಸ್ಸಿನಲ್ಲಿ ಅವಳೇ ಹೇಳಲಿ, ಹದಿಮೂರಕ್ಕೇ ನಾವು ಹೇಳುವುದು ಬೇಡ.

ಬರುವ ವರ್ಷ ನಮ್ಮಲ್ಲಿ ಇಬ್ಬರು ಅಂಧ ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುತ್ತಾರೆ. ಸಹಾಯಕ ಬರಹಗಾರರ ವಿಚಾರದಲ್ಲಿ ಏನೇನು ಗಮನಿಸಬೇಕು?
— ಮುಖ್ಯಶಿಕ್ಷಕರು, ಚಿತ್ರದುರ್ಗ ಜಿಲ್ಲೆ

ಪರೀಕ್ಷೆಯ ದಿನ ಮೊದಲ ಸಲ ಬರಹಗಾರರ ಜೊತೆ ಕೂರಿಸಬೇಡಿ. ಉತ್ತರ ಗೊತ್ತಿರುವುದು ಬೇರೆ, ಇನ್ನೊಬ್ಬರಿಗೆ ಹೇಳಿ ಬರೆಸುವುದು ಬೇರೆ ವಿದ್ಯೆ. ಎಲ್ಲಿ ಪೂರ್ಣವಿರಾಮ, ಎಲ್ಲಿ ಹೊಸ ಪ್ಯಾರಾ, ಬರೆದದ್ದನ್ನು ಓದಿಸಿ ಕೇಳಿ ತಿದ್ದಿಸುವುದು ಇವೆಲ್ಲ ಒಂಬತ್ತನೇ ತರಗತಿಯ ಕಿರುಪರೀಕ್ಷೆಯಿಂದಲೇ ರೂಢಿಯಾಗಬೇಕು. 2018ರ ಕೇಂದ್ರ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು, ಬರಹಗಾರರನ್ನು ಎರಡು ದಿನ ಮೊದಲೇ ಭೇಟಿಯಾಗಲು ಬಿಡಬೇಕು. ಮಂಡಳಿಗೆ ಅರ್ಜಿ, ಪ್ರಮಾಣಪತ್ರ ತಡಮಾಡದೆ ಕಳಿಸಿ. ಶಾಲೆಯ ಪರೀಕ್ಷೆಯಲ್ಲೂ ಇದೇ ಸಮಯ ಕೊಡಿ. ಇಲ್ಲದಿದ್ದರೆ ಹೆಚ್ಚುವರಿ ಸಮಯವನ್ನು ಬಳಸಿಕೊಳ್ಳುವುದೇ ಮಕ್ಕಳಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಪರಿಣಾಮ ದೊಡ್ಡದು. ನಿಮ್ಮ ಕಚೇರಿಯಲ್ಲಿ ನೋಟ್ಸು, ಪ್ರಶ್ನೆಪತ್ರಿಕೆಗಳನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದರೆ ಇಂದೇ ಯೂನಿಕೋಡ್‌ಗೆ ಬದಲಿಸಿ. ಹಳೆಯ ಫಾಂಟು ನಮ್ಮ ಕಣ್ಣಿಗೆ ಕನ್ನಡದಂತೆ ಕಾಣುತ್ತದೆ, ಆದರೆ ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ಪರದೆ ಓದುವ ತಂತ್ರಾಂಶ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಯೂನಿಕೋಡ್ ಆದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವೂ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕೂ ಅದನ್ನು ಕನ್ನಡದಲ್ಲೇ ಓದಿ ಹೇಳುತ್ತವೆ. ಪಾಠಗಳನ್ನು ಶಿಕ್ಷಕರ ಧ್ವನಿಯಲ್ಲಿ ಮುದ್ರಿಸಿ ಕೊಡಲು ಹಿಂಜರಿಯಬೇಡಿ. ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯಕ್ಕೂ ಮಕ್ಕಳ ಹೆಸರು ನೋಂದಾಯಿಸಿ.

ನಾನು ಒಂಬತ್ತನೇ ಕ್ಲಾಸು. ನನಗೆ ಕಣ್ಣು ಕಾಣಲ್ಲ. ಇದನ್ನು ಮೊಬೈಲಿಗೆ ಹೇಳಿ ಬರೆಸಿದ್ದೀನಿ. ಪಿ.ಟಿ. ಪೀರಿಯಡ್ ಬಂದರೆ ನನ್ನನ್ನು ಕ್ಲಾಸಿನಲ್ಲಿ ಎಲ್ಲರ ಬ್ಯಾಗು ಕಾಯೋಕೆ ಕೂರಿಸ್ತಾರೆ. ಪ್ರವಾಸಕ್ಕೂ ಕರೆದುಕೊಂಡು ಹೋಗಲಿಲ್ಲ. ಎಲ್ಲರೂ ಒಳ್ಳೆಯವರೇ, ಯಾರೂ ಬೈಯಲ್ಲ. ಹೊರಗೆ ಅವರು ಕೂಗೋದು ಕೇಳಿದರೆ ನನಗೂ ಓಡಬೇಕು ಅನ್ನಿಸುತ್ತೆ. ಓಡಬಹುದಾ?
— ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಓಡು ಮಗಳೇ. ಖಂಡಿತ ಓಡು. ನಿನ್ನ ಪಕ್ಕದ ಜಿಲ್ಲೆ ಚಿಕ್ಕಮಗಳೂರಿನ ರಕ್ಷಿತಾ ರಾಜು ಹುಟ್ಟಿನಿಂದ ಕಣ್ಣು ಕಾಣದವರು. 2018ರ ಜಕಾರ್ತಾ, 2023ರ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್ ಎರಡರಲ್ಲೂ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದರು. ಅವರ ಪಕ್ಕದಲ್ಲೇ ಕಣ್ಣು ಕಾಣುವ ಓಟಗಾರರೊಬ್ಬರು ಓಡುತ್ತಾರೆ, ಇಬ್ಬರ ಕೈಗೂ ಒಂದು ಸಣ್ಣ ದಾರದ ಕುಣಿಕೆ, ಅಷ್ಟೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕರಾಗಿದ್ದಾಗ ಭಾರತದ ಅಂಧರ ಕ್ರಿಕೆಟ್ ತಂಡ 2012ರಲ್ಲಿ ಬೆಂಗಳೂರಿನಲ್ಲೇ ಟಿ20 ವಿಶ್ವಕಪ್ ಗೆದ್ದಿತು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆ ಆಟದ ಚೆಂಡಿನೊಳಗೆ ಸಣ್ಣ ಗುಂಡುಗಳಿರುತ್ತವೆ, ಗಲಗಲ ಸದ್ದು ಕೇಳಿ ಆಡುತ್ತಾರೆ.

ನೀನು ‘ಯಾರೂ ಬೈಯಲ್ಲ’ ಎಂದು ಬರೆದಿದ್ದೀಯ. ಓದಿ ನನಗೆ ತುಂಬಾ ಬೇಸರವಾಯಿತು. ಬೈಯದೆ, ಹೊಡೆಯದೆ, ಪ್ರೀತಿಯಿಂದಲೇ ಒಂದು ಮಗುವನ್ನು ಹೊರಗಿಡಬಹುದು ಎಂಬುದು ನಮ್ಮ ಶಿಕ್ಷಕರಿಗೆ ಗೊತ್ತಾಗುವುದೇ ಇಲ್ಲ. ಈ ಪುಟವನ್ನು ನಿಮ್ಮ ಪಿ.ಟಿ. ಮೇಷ್ಟ್ರಿಗೆ ಕೊಡು, ಮುಂದಿನದು ಅವರಿಗೆ.

ಸರ್, ಮೈದಾನದ ಎರಡು ಮರಗಳ ನಡುವೆ ಅವಳ ಸೊಂಟದ ಎತ್ತರಕ್ಕೆ ಹಗ್ಗವನ್ನು ಬಿಗಿಯಾಗಿ ಕಟ್ಟಿಸಿ. ಹಗ್ಗಕ್ಕೆ ಒಂದು ಕಬ್ಬಿಣದ ಬಳೆ ಪೋಣಿಸಿ, ಬಳೆ ಹಿಡಿದು ಓಡಲಿ, ಕೈ ಉಜ್ಜುವುದಿಲ್ಲ. ಎರಡೂ ತುದಿಗೆ ಮರ ಇನ್ನೂ ನಾಲ್ಕು ಮಾರು ದೂರವಿರುವಲ್ಲಿ ದಪ್ಪ ಗಂಟು ಹಾಕಿಸಿ, ಬಳೆ ಗಂಟಿಗೆ ತಾಗಿದರೆ ನಿಲ್ಲಬೇಕೆಂದು ಮೊದಲೇ ಹೇಳಿ. ಮೊದಲ ದಿನ ನಡಿಗೆ, ಎರಡನೇ ದಿನ ಸಣ್ಣ ಓಟ, ಒಂದು ವಾರದಲ್ಲಿ ಅವಳು ಹಗ್ಗ ಸಾಲದು ಎನ್ನುತ್ತಾಳೆ. ಆಗ ಅವಳ ವೇಗಕ್ಕೆ ಸರಿಹೊಂದುವ ಹುಡುಗಿಯೊಬ್ಬಳನ್ನು ಜೊತೆ ಮಾಡಿ, ಒಂದು ಮೊಳ ದಾರ ಕೊಡಿ. ಚೆಂಡಾಟಕ್ಕೆ ವಾಲಿಬಾಲನ್ನು ಸದ್ದು ಮಾಡುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿದರೆ ಉರುಳುವಾಗ ಸರಸರ ಕೇಳುತ್ತದೆ. ಕೋಣೆಗೆ ಬೀಗ ಹಾಕಿ ಸರ್, ಬ್ಯಾಗುಗಳು ಎಲ್ಲಿಗೂ ಹೋಗುವುದಿಲ್ಲ.

ಮಗಳೇ, ಮೊದಲ ದಿನ ಹಗ್ಗದ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಹೋಗಿ ಬಂದೆ ಎಂದು ಎಣಿಸಿಕೊಂಡು ನನಗೆ ಬರೆ.